ಅಷ್ಟೂರಿನ ಗುಮ್ಮಟ: ಒಂದು ಪ್ರವಾಸಪಾಠ

ಪ್ರವಾಸವು ವಿದ್ಯಾಭ್ಯಾಸದ ಒಂದು ಮುಖ್ಯ ಅಂಗ. ನಮ್ಮ ಕಮಲನಗರದ ಮಕ್ಕಳನ್ನು ಬೀದರಕ್ಕೆ ಕರೆದೊಯ್ಯುವ ಉಪಾಧ್ಯಾಯರು ಕೋಟೆಯನ್ನೂ, 1472ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸಾವನ್ನೂ ತೋರಿಸುವುದುಂಟು. ಆದರೆ ನಗರದ ಪೂರ್ವಕ್ಕಿರುವ ಅಷ್ಟೂರನ್ನು ಕಾಣದೆ ಹಿಂದಿರುಗಿದರೆ ಆ ಪಾಠವು ಅಪೂರ್ಣವೆಂದೇ ನನ್ನ ಅಭಿಪ್ರಾಯ.

ಬಹಮನಿ ಸುಲ್ತಾನನಾದ ಅಹಮದ್ ಶಾಹನು 1422ರಿಂದ 1436ರವರೆಗೆ ಆಳಿದನು. ಕಲಬುರ್ಗಿಯಲ್ಲಿದ್ದ ರಾಜಧಾನಿಯನ್ನು ಬೀದರಕ್ಕೆ ತಂದನು. ಅವನ ಸಮಾಧಿಯು ಅಷ್ಟೂರಿನಲ್ಲಿದೆ. ಗುಮ್ಮಟದ ಒಳಮೈಯಲ್ಲಿ ಚಿನ್ನ, ಕೆಂಪು, ನೀಲಿ ಬಣ್ಣಗಳ ಬಳ್ಳಿಚಿತ್ರಗಳೂ ಸುಂದರ ಲಿಪಿಯ ಬರೆಹಗಳೂ ಇವೆ. ಮುಸಲ್ಮಾನರು ಅವನನ್ನು ‘ವಲಿ’, ಅಂದರೆ ಸಂತ, ಎಂದು ಗೌರವಿಸುವರು. ಲಿಂಗಾಯತ ಭಕ್ತರು ಅವನನ್ನು ಅಲ್ಲಮಪ್ರಭುವಿನ ಅವತಾರವೆಂದು ಭಾವಿಸುವರು. ಉರುಸಿಗೆ ಕಲಬುರ್ಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಪರಿವಾರಸಮೇತರಾಗಿ ಬಂದು ಶಂಖ ಮೊಳಗಿಸಿ ಪೂಜೆ ಸಲ್ಲಿಸುವುದು ಪರಂಪರೆ. ಉರುಸಿನ ದಿನವನ್ನು ನಿಶ್ಚಯಿಸುವುದೂ ನಮ್ಮ ಪಂಚಾಂಗದಂತೆಯೇ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಪ್ರಶ್ನಿಸಬಹುದು: ಪ್ರಭುದೇವರು ಹನ್ನೆರಡನೆಯ ಶತಮಾನದವರು, ಸುಲ್ತಾನನು ಹದಿನೈದನೆಯ ಶತಮಾನದವನು, ಇಬ್ಬರೂ ಒಬ್ಬರಾಗುವುದೆಂತು? ಉಪಾಧ್ಯಾಯರು ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಕಾಲನಿರ್ಣಯ ಇತಿಹಾಸದ ಕೆಲಸ. ಜನರು ಒಬ್ಬ ಅರಸನಲ್ಲಿ ಏನನ್ನು ಕಂಡರೆಂಬುದನ್ನು ತಿಳಿಸುವುದು ನಂಬಿಕೆ. ಎರಡನ್ನೂ ಬೆರೆಸದೆ, ಒಂದರಿಂದ ಇನ್ನೊಂದನ್ನು ಅಳಿಸದೆ ಕಲಿಸುವುದೇ ವಿವೇಕ.

ಪದಗಳ ಕಡೆಯೂ ಗಮನ ಹರಿಸೋಣ. ‘ಉರುಸು’ ಅರಬ್ಬಿ ಶಬ್ದ. ಅದರ ಮೂಲಾರ್ಥ ಮದುವೆ. ಸಂತನ ಮರಣವನ್ನು ಜೀವ-ದೇವರ ಮಿಲನವೆಂದು ಸೂಫಿಗಳು ಬಗೆದರು. ‘ಶರಣ ಸತಿ, ಲಿಂಗ ಪತಿ’ ಎಂಬ ಭಾವವನ್ನು ಬಲ್ಲ ನಮಗೆ, ಲಿಂಗೈಕ್ಯವೆಂದು ಮರಣವನ್ನು ಕರೆವ ನಮಗೆ, ಇದು ಪರಕೀಯವೇ?

ದೂರದ ಸ್ಪೇನಿನ ಕಾರ್ಡೋಬಾ ನಗರದಲ್ಲಿ ಎಂಟನೆಯ ಶತಮಾನದಲ್ಲಿ ಆರಂಭವಾದ ದೊಡ್ಡ ಮಸೀದಿಯೊಂದುಂಟು. 1236ರಲ್ಲಿ ಕ್ರೈಸ್ತ ಅರಸನು ನಗರವನ್ನು ಗೆದ್ದಾಗ ಅದು ಇಗರ್ಜಿಯಾಯಿತು. ಹದಿನಾರನೆಯ ಶತಮಾನದಲ್ಲಿ ಅದರ ಕಂಬಸಾಲುಗಳ ನಡುವೆಯೇ ಹೊಸ ಆರಾಧನಾಮಂದಿರ ಎದ್ದಿತು. ಲೋಕವೆಲ್ಲ ಅದನ್ನು ನೋಡಲು ಹೋಗುತ್ತದೆ. ಅಲ್ಲಿ ಕಟ್ಟಡವು ಕೈಯಿಂದ ಕೈಗೆ ಹೋಯಿತು; ಅಷ್ಟೂರಿನಲ್ಲಿಯಾದರೋ ಒಂದೇ ಸನ್ನಿಧಿಗೆ ಎರಡು ಸಮುದಾಯಗಳು ಕೈಮುಗಿದವು.

ನಿಜಾಮರ ಕಾಲದಲ್ಲಿ ಈ ಸೀಮೆಯ ಕನ್ನಡವು ಪಟ್ಟ ಪಾಡನ್ನು ಹಿರಿಯರು ಬಲ್ಲರು. ಕಮಲನಗರದಲ್ಲಿ ಜನಿಸಿದ ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವಿರಿಸಿ ಒಳಗೆ ಕನ್ನಡ ಕಲಿಸಿದುದು ಎಲ್ಲರಿಗೂ ವಿದಿತವೇ ಆಗಿದೆ. ಆ ನೋವನ್ನು ಮರೆಯಬೇಕಾಗಿಲ್ಲ. ಆದರೆ ಆ ನೋವಿನ ನೆಪದಿಂದ ಶತಮಾನಗಳ ಕೂಡುಬಾಳನ್ನು ಮಕ್ಕಳಿಂದ ಮರೆಮಾಡಿದರೆ ಅದು ಅಪಚಾರವಾದೀತು.

ಆದುದರಿಂದ ಅಷ್ಟೂರಿನಲ್ಲಿ ‘ಇದು ಯಾರದು?’ ಎಂದು ಮಕ್ಕಳು ಕೇಳಿದಾಗ, ‘ಇಲ್ಲಿಗೆ ಯಾರು ಯಾರು ಬರುತ್ತಾರೆ, ನೋಡಿರಿ’ ಎಂದು ಹೇಳಿದರೆ ಸಾಕು. ಉಪಾಧ್ಯಾಯ ಬಂಧುಗಳು ಪ್ರವಾಸದ ಪಟ್ಟಿಯಲ್ಲಿ ಈ ಸ್ಥಳವನ್ನು ಸೇರಿಸಲಿ. ಅದಕ್ಕೆ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ನೆರವಾಗಲಿ.