ನಿಧಾನವಾಗಿ ಹತ್ತುವ ಲಾರಿಯ ಎಂಜಿನ್ ಕಾಯುವುದೇಕೆ?

ಪ್ರಶ್ನೆ: ನಮ್ಮ ತೋಟ ಶಿರಾಡಿ ಘಾಟಿಯ ಹೆದ್ದಾರಿಗೆ ಹತ್ತಿರದಲ್ಲಿದೆ. ಮಂಗಳೂರು ಕಡೆಯಿಂದ ಬರುವ ಟ್ಯಾಂಕರ್, ಕಂಟೇನರ್ ಲಾರಿಗಳು ತೆವಳುತ್ತಾ ಹತ್ತುತ್ತವೆ. ಅಷ್ಟು ನಿಧಾನಕ್ಕೆ ಹೋದರೂ ಎಂಜಿನ್ ಹೀಟ್ ಆಯಿತೆಂದು ಕೆಲವರು ಬದಿಗೆ ನಿಲ್ಲಿಸುತ್ತಾರೆ. ಮಳೆಗಾಲದಲ್ಲೂ ಇದನ್ನು ಕಂಡಿದ್ದೇನೆ. ಹತ್ತುವಾಗ ನಡುನಡುವೆ ಭೋರೆಂದು ಗಾಳಿಯ ಸದ್ದು ಎದ್ದು ನಿಲ್ಲುತ್ತದೆ. ಮೇಲೆ ಬಂದು ನಿಂತ ಮೇಲೂ ಚಾಲಕರು ಕೂಡಲೇ ಎಂಜಿನ್ ಆಫ್ ಮಾಡುವುದಿಲ್ಲ. ಇದರ ಹಿಂದಿನ ಲೆಕ್ಕಾಚಾರವೇನು?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ನಿಧಾನಕ್ಕೆ ಹೋಗುವುದೇ ಅರ್ಧ ಕಾರಣ. ಎಂಜಿನ್ ಎಷ್ಟು ಕಾಯುತ್ತದೆ ಎಂಬುದು ಲಾರಿಯ ವೇಗವನ್ನು ಅವಲಂಬಿಸಿಲ್ಲ, ಒಳಗೆ ಎಷ್ಟು ಡೀಸೆಲ್ ಉರಿಯುತ್ತಿದೆ ಎಂಬುದನ್ನು ಅವಲಂಬಿಸಿದೆ. ಆ ಕಾವನ್ನು ಹೊತ್ತೊಯ್ಯುವ ಗಾಳಿ ಮಾತ್ರ ವೇಗವನ್ನು ನೆಚ್ಚಿಕೊಂಡಿದೆ. ಘಾಟಿಯಲ್ಲಿ ಕಾವು ಗರಿಷ್ಠ, ಎದುರುಗಾಳಿ ಕನಿಷ್ಠ.

ಸಣ್ಣದೊಂದು ಲೆಕ್ಕ ಹಾಕೋಣ. ಗುಂಡ್ಯದಿಂದ ಸಕಲೇಶಪುರದ ಕಡೆಗೆ ರಸ್ತೆ ಸುಮಾರು 800 ಮೀಟರ್ ಮೇಲೇರುತ್ತದೆ. ಸರಕೂ ಸೇರಿ 50 ಟನ್ ತೂಗುವ ಲಾರಿಯನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 39 ಕೋಟಿ ಜೂಲ್. ಒಳ್ಳೆಯ ಡೀಸೆಲ್ ಎಂಜಿನ್ ಕೂಡ ಇಂಧನದ ಶಕ್ತಿಯಲ್ಲಿ ಶೇಕಡಾ 40ರಷ್ಟನ್ನು ಮಾತ್ರ ಕೆಲಸವಾಗಿ ಕೊಡುತ್ತದೆ. ಹಾಗಾಗಿ ಈ ಏರಿಕೆಗೇ 27 ಲೀಟರ್ ಡೀಸೆಲ್ ಬೇಕು. ಟೈರುಗಳ ಉರುಳುವಿಕೆಗೆ ತಗಲುವುದು ಬೇರೆ. ಉಳಿದ ಶಕ್ತಿಯಲ್ಲಿ ದೊಡ್ಡ ಪಾಲು ಸೈಲೆನ್ಸರ್ ಮೂಲಕ ಹೋಗುತ್ತದೆ. ಇಂಧನದ ಒಟ್ಟು ಶಕ್ತಿಯ ಸುಮಾರು ಕಾಲು ಭಾಗ ಎಂಜಿನ್ ಸುತ್ತ ಹರಿಯುವ ಕೂಲೆಂಟ್‌ಗೆ ಬಂದು ಸೇರುತ್ತದೆ. ಬಾವಿಯಿಂದ ಆಗಷ್ಟೇ ಸೇದಿದ 800 ಲೀಟರ್ ನೀರನ್ನು ಕುದಿಬಿಂದುವಿಗೆ ತರಲು ಅಷ್ಟು ಕಾವು ಸಾಕು. ಒಂದು, ಒಂದೂವರೆ ಗಂಟೆಯ ಏರಿನಲ್ಲಿ ಅದಿಷ್ಟನ್ನೂ ಮುಂದಿನ ರೇಡಿಯೇಟರ್ ಗಾಳಿಗೆ ದಾಟಿಸಬೇಕು. ಕಾವು ಹುಟ್ಟದಂತೆ ತಡೆಯಲಾಗದು. ಹುಟ್ಟಿದ ವೇಗದಲ್ಲೇ ಹೊರಹಾಕಬೇಕು. ಲಾರಿಯವರ ಎಲ್ಲ ಉಪಾಯಗಳೂ ಇಷ್ಟಕ್ಕಾಗಿಯೇ.

ಬಯಲಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವಾಗ ಮುಂದಿನಿಂದ ನುಗ್ಗುವ ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಫ್ಯಾನಿಗೆ ಹೆಚ್ಚು ಕೆಲಸವಿಲ್ಲ. ಘಾಟಿಯಲ್ಲಿ ವೇಗ 15–20ಕ್ಕೆ ಇಳಿದಾಗ ಭಾರವೆಲ್ಲ ಫ್ಯಾನಿನ ಮೇಲೆ ಬೀಳುತ್ತದೆ. ದೊಡ್ಡ ಲಾರಿಯ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗಿದರೆ ಎಂಜಿನ್ನಿನ 20–30 ಕಿಲೋವಾಟ್ ಶಕ್ತಿಯನ್ನು ತಾನೇ ತಿಂದುಬಿಡುತ್ತದೆ. ಅದಕ್ಕೇ ಅದನ್ನು ಸದಾ ತಿರುಗಿಸುವುದಿಲ್ಲ. ನಡುವೆ ಒಂದು ವಿಸ್ಕಸ್ ಕ್ಲಚ್ ಇರುತ್ತದೆ, ಅದರೊಳಗೆ ದಪ್ಪನೆಯ ಸಿಲಿಕೋನ್ ಎಣ್ಣೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗ ಎಣ್ಣೆ ಕ್ಲಚ್ಚಿನ ತಟ್ಟೆಗಳ ನಡುವೆ ತುಂಬಿ ಫ್ಯಾನನ್ನು ಹಿಡಿದು ತಿರುಗಿಸುತ್ತದೆ, ತಣ್ಣಗಾದರೆ ಬಿಟ್ಟುಬಿಡುತ್ತದೆ. ಹೊಸ ಲಾರಿಗಳಲ್ಲಿ ಈ ಆಜ್ಞೆ ಎಂಜಿನ್ನಿನ ಕಂಪ್ಯೂಟರಿನಿಂದ ಬರುತ್ತದೆ. ನೀವು ಕೇಳುವ ಭೋರ್ಗರೆತ ಅದೇ. ಎದ್ದು ಸ್ವಲ್ಪ ಹೊತ್ತಿಗೆ ಅಡಗಿದರೆ ವ್ಯವಸ್ಥೆ ಚೆನ್ನಾಗಿದೆ ಎಂದರ್ಥ. ಬುಡದಿಂದ ತುದಿಯವರೆಗೂ ನಿಲ್ಲದೆ ಮೊರೆಯುತ್ತಿದ್ದರೆ ರೇಡಿಯೇಟರ್ ತನ್ನ ಮಿತಿಗೆ ಬಂದಿದೆ, ಇಲ್ಲವೇ ಎಲ್ಲೋ ಕಟ್ಟಿಕೊಂಡಿದೆ.

ಮಳೆಗಾಲದ ಮಾತಿಗೆ ಬರೋಣ. ರೇಡಿಯೇಟರ್ ಬಿಟ್ಟುಕೊಡುವ ಕಾವು ಕೂಲೆಂಟ್ ಮತ್ತು ಗಾಳಿಯ ತಾಪಮಾನದ ಅಂತರಕ್ಕೆ ತಕ್ಕಂತೆ ಇರುತ್ತದೆ. ಕೂಲೆಂಟ್ 90 ಡಿಗ್ರಿ, ಗಾಳಿ 35 ಡಿಗ್ರಿ ಇದ್ದರೆ ಅಂತರ 55. ಮಳೆಗೆ ಗಾಳಿ 25ಕ್ಕೆ ಇಳಿದರೆ ಅಂತರ 65. ಲಾಭ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ರೇಡಿಯೇಟರಿನ ರೆಕ್ಕೆಗಳ ನಡುವೆ ಕೆಸರು, ಹುಳ, ಎಣ್ಣೆಯ ಜಿಡ್ಡು ಕೂತಿದ್ದರೆ ಆ ಲಾಭ ಅಲ್ಲಿಗೇ ಮುಗಿಯಿತು. ಅದೂ ಅಲ್ಲದೆ ರೇಡಿಯೇಟರಿಗೆ ಸಿಗುವುದು ತಾಜಾ ಗಾಳಿಯಲ್ಲ. ಅದರ ಮುಂದೆ ಇಂಟರ್‌ಕೂಲರ್ ಇರುತ್ತದೆ. ಟರ್ಬೊ ಒತ್ತಿದಾಗ 150 ಡಿಗ್ರಿಯನ್ನೂ ದಾಟಬಲ್ಲ ಗಾಳಿಯನ್ನು ತಣಿಸಿ ಸಿಲಿಂಡರಿಗೆ ಕಳಿಸುವುದು ಅದರ ಕೆಲಸ. ಎ.ಸಿ. ಇರುವ ಕ್ಯಾಬಿನ್ನಾದರೆ ಕಂಡೆನ್ಸರ್ ಕೂಡ ಅಲ್ಲೇ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಟ್ರಕ್ಕುಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿರುವುದರಿಂದ ಇದು ಇನ್ನು ಸಾಮಾನ್ಯ ನೋಟ. ಹೊಗೆಯ ಒಂದಂಶವನ್ನು ತಣಿಸಿ ಮತ್ತೆ ಸಿಲಿಂಡರಿಗೆ ಕಳಿಸುವ ಇಜಿಆರ್ ವ್ಯವಸ್ಥೆ ಇದ್ದರೆ ಆ ಬಿಸಿಯೂ ಕೂಲೆಂಟಿನ ತಲೆಗೇ. ಹೀಗೆ ಒಂದರ ಹಿಂದೆ ಒಂದು ನಿಂತ ಜಾಲರಿಗಳ ಸಂದಿಯಲ್ಲಿ ಕಸ ಸೇರಿದರೆ ಹೊರಗಿನಿಂದ ಕಾಣುವುದೇ ಇಲ್ಲ. ತೊಳೆಯುವಾಗ ಹಿಂದಿನಿಂದ ಮುಂದಕ್ಕೆ ನೀರು ಹಾಯಿಸಬೇಕು. ರಭಸದ ಪ್ರೆಷರ್ ವಾಷರನ್ನು ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಮುಚ್ಚಿಯೇ ಹೋಗುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಅಳತೆ ತಪ್ಪಿಸುವುದು ಚಾಲಕನ ಕೈಯಲ್ಲಿರುವ ಗೇರು. ಡೀಸೆಲ್ ಉಳಿಸಲೆಂದು ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ತಿಟ್ಟರೆ ಎಂಜಿನ್ ಕಡಿಮೆ ಆರ್‌ಪಿಎಂನಲ್ಲಿ ತಿಣುಕುತ್ತದೆ. ಒಳಗೆ ಉರಿ ಜೋರಾಗಿರುತ್ತದೆ. ಆದರೆ ವಾಟರ್ ಪಂಪ್ ಮತ್ತು ಫ್ಯಾನ್ ಎಂಜಿನ್ನಿನೊಂದಿಗೇ ತಿರುಗುವುದರಿಂದ ನೀರೂ ಗಾಳಿಯೂ ಮಂದವಾಗುತ್ತವೆ. ಒಂದು ಗೇರು ಇಳಿಸಿ, ಆರ್‌ಪಿಎಂ ಏರಿಸಿ, ಆಕ್ಸಿಲರೇಟರನ್ನು ತುಸು ಸಡಿಲಿಸಿದರೆ ಕಾವು ತಗ್ಗಿ ಹರಿವು ಹೆಚ್ಚುತ್ತದೆ. ಅನುಭವಿ ಚಾಲಕರು ತಿರುವಿಗೆ ಮೊದಲೇ ಗೇರು ಇಳಿಸುವುದರಲ್ಲಿ ಈ ಜಾಣ್ಮೆಯೂ ಇದೆ.

ಇನ್ನು ಕೂಲೆಂಟ್. ರೇಡಿಯೇಟರಿನ ಮುಚ್ಚಳ ಪ್ರೆಷರ್ ಕುಕ್ಕರಿನ ತತ್ತ್ವದಲ್ಲೇ ಕೆಲಸ ಮಾಡುತ್ತದೆ. ಒಳಗಿನ ಒತ್ತಡವನ್ನು ಒಂದು ಬಾರ್‌ನಷ್ಟು ಏರಿಸಿದರೆ ನೀರು 100ರ ಬದಲು 120 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳದ ರಬ್ಬರ್ ಸವೆದರೆ ಈ ರಕ್ಷಣೆ ಇಲ್ಲ. ಎಥಿಲಿನ್ ಗ್ಲೈಕಾಲ್ ಬೆರೆತ ಕೂಲೆಂಟ್ ಕುದಿಬಿಂದುವನ್ನು ಇನ್ನಷ್ಟು ಏರಿಸುತ್ತದೆ. ಅದರಲ್ಲಿರುವ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ, ಸಿಲಿಂಡರ್ ಲೈನರುಗಳ ಹೊರಮೈಯಲ್ಲಿ ಗುಳಿ ಬೀಳದಂತೆ ಕಾಯುತ್ತವೆ. ಕೋಲಾರದಂತಹ ಬಯಲುಸೀಮೆಯ ಬೋರ್‌ವೆಲ್ ನೀರನ್ನು ಹಾಗೇ ಸುರಿದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಒಂದು ಮಿಲಿಮೀಟರ್ ದಪ್ಪದ ಆ ಪದರ ಹಲವು ಸೆಂಟಿಮೀಟರ್ ದಪ್ಪದ ಎರಕದ ಕಬ್ಬಿಣದಷ್ಟು ಕಾವನ್ನು ತಡೆಹಿಡಿಯುತ್ತದೆ.

ಮೀಟರಿನ ಮುಳ್ಳು ಕೆಂಪಿಗೆ ಏರಿದರೆ ಏನು ಮಾಡಬೇಕು? ಕೂಲೆಂಟ್ ಸೋರಿಲ್ಲವೆಂದು ಖಚಿತವಿದ್ದರೆ ಬದಿಗೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಐಡಲಿಂಗಿಗಿಂತ ಸ್ವಲ್ಪ ಹೆಚ್ಚು ರೇಸ್ ಕೊಟ್ಟು ಎಂಜಿನ್ ಓಡಿಸಬೇಕು. ಪಂಪು, ಫ್ಯಾನು ಕಾವನ್ನು ಹೊರಗೆ ಎಳೆಯುತ್ತವೆ. ಹಬೆ ಏಳುತ್ತಿದ್ದರೆ, ನೀರು ಸುರಿದುಹೋಗಿದ್ದರೆ ಮಾತ್ರ ತಕ್ಷಣ ಆಫ್ ಮಾಡಬೇಕು. ಇಲ್ಲೊಂದು ಮೋಸವಿದೆ: ಕೂಲೆಂಟ್ ಖಾಲಿಯಾದಾಗ ಸೆನ್ಸರಿಗೆ ದ್ರವ ತಾಗದೆ ಮುಳ್ಳು ಕೆಳಗಿಳಿಯಬಹುದು. ಹೀಟ್ ಇಳಿಯಿತೆಂದು ಮುಂದೆ ಹೊರಟವನ ಹೆಡ್ ಗ್ಯಾಸ್ಕೆಟ್ ಹೋಯಿತೆಂದೇ ಲೆಕ್ಕ. ಕಾದ ಮುಚ್ಚಳ ತೆರೆದರೆ ಒತ್ತಡ ಇಳಿದು ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಮೇಲೆ ತಲುಪಿದ ಮೇಲೆ ಎಂಜಿನ್ನನ್ನು ಮೂರ್ನಾಲ್ಕು ನಿಮಿಷ ಓಡಲು ಬಿಡುವುದು ಟರ್ಬೊಗಾಗಿ. ಏರಿನಲ್ಲಿ ಟರ್ಬೊವಿಗೆ ಬಡಿಯುವ ಹೊಗೆ 600 ಡಿಗ್ರಿಯ ಆಸುಪಾಸು ಇರುತ್ತದೆ. ತಟ್ಟನೆ ಆಫ್ ಮಾಡಿದರೆ ಬೇರಿಂಗಿಗೆ ಆಯಿಲ್ ಹರಿಯುವುದು ನಿಂತು, ಅಲ್ಲೇ ಉಳಿದದ್ದು ಕರಕಲಾಗುತ್ತದೆ.

ಮಾಮೂಲಿ ಲಾರಿಯನ್ನು ಮೀರಿದ ಭಾರಕ್ಕೆ ಈ ಉಪಾಯಗಳೂ ಸಾಲವು. 250 ಟನ್‌ವರೆಗಿನ ಒಟ್ಟು ತೂಕ ಎಳೆಯುವ ಮರ್ಸಿಡಿಸ್‌ನ ಆಕ್ಟ್ರೋಸ್ ಎಸ್‌ಎಲ್‌ಟಿಯಲ್ಲಿ ಕ್ಯಾಬಿನ್ನಿನ ಹಿಂದೆ ಹೆಚ್ಚುವರಿ ಕೂಲಿಂಗ್ ಗೋಪುರವನ್ನೇ ನಿಲ್ಲಿಸಿದ್ದಾರೆ. ಅದರ ದ್ರವಚಾಲಿತ ಕ್ಲಚ್ ಅಷ್ಟು ಭಾರವನ್ನು ಅಲುಗಿಸುವಾಗ ತಾನೂ ಕಾಯುತ್ತದೆ. ಇಳಿಜಾರಿನಲ್ಲಿ ರಿಟಾರ್ಡರ್ ಬ್ರೇಕು ಹುಟ್ಟಿಸುವ ಕಾವೂ ಕೂಲೆಂಟಿಗೇ ಬರುತ್ತದೆ. ಶಿರಾಡಿಯ ಲಾರಿಗಳಿಗೆ ಅಂಥ ಗೋಪುರ ಬೇಕಿಲ್ಲ. ಶುಚಿಯಾದ ಜಾಲರಿ, ಸರಿಯಾದ ಕೂಲೆಂಟ್, ಬಿಗಿಯಾದ ಮುಚ್ಚಳ, ಹೊತ್ತಿಗೆ ಸರಿಯಾಗಿ ಇಳಿಸಿದ ಗೇರು, ಇಷ್ಟಿದ್ದರೆ ಪೂರ್ತಿ ಲೋಡಿನಲ್ಲೂ ನಿಲ್ಲದೆ ಮೇಲೆ ಬರಬಹುದು.