ಅಮೀನಗಡದಿಂದ ಅಲೆಯವರೆಗೆ: ಮೊದಲ ಪ್ಯಾಡಲ್ ಬೋರ್ಡ್ ಆರಿಸುವ ಬಗೆ

ಅಮೀನಗಡದ ಕುರಿ ಸಂತೆಯಲ್ಲಿ ಕೊಳ್ಳಲು ಬಂದವರು ಮೊದಲು ಕುರಿಯ ಬೆನ್ನ ಮೇಲೆ ಕೈಯೂರುತ್ತಾರೆ. ಬೆನ್ನೆಲುಬಿನ ಎರಡೂ ಬದಿ ಹೆಬ್ಬೆರಳು ಒತ್ತಿ ಮಾಂಸ ಎಷ್ಟಿದೆ ಎಂದು ತಿಳಿದುಕೊಳ್ಳುತ್ತಾರೆ. ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ರೇಟಿನ ಮಾತು ಆಮೇಲೆ. ಬಣ್ಣ ನೋಡಿ ಕುರಿ ಕೊಂಡವರನ್ನು ನಾನಂತೂ ಕಂಡಿಲ್ಲ. ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್ ಕೊಳ್ಳುವಾಗ ಮಾತ್ರ ನಮ್ಮ ಹುಡುಗರು ಬಣ್ಣಕ್ಕೇ ಮರುಳಾಗುತ್ತಾರೆ. ನಾನೂ ಹಾಗೆ ಒಂದು ಬೋರ್ಡು ಕೊಂಡು ಎರಡು ಚಳಿಗಾಲ ಕಳೆದುಕೊಂಡೆ. 8 ಅಡಿ ಉದ್ದ, 27 ಇಂಚು ಅಗಲದ ಹಳೆಯ ಬೋರ್ಡು ಅದು. ಮಾರಿದವರು ನನ್ನ ತೂಕ ಕೇಳಲಿಲ್ಲ, ಹೇಳಬೇಕೆಂಬುದು ನನಗೂ ಗೊತ್ತಿರಲಿಲ್ಲ.

ಇಳಕಲ್ಲು, ಹುನಗುಂದ, ಬಾದಾಮಿ ಕಡೆಯ ಯುವಕರು ಈಗ ರಜೆ ಸಿಕ್ಕರೆ ಹುಬ್ಬಳ್ಳಿ ದಾಟಿ, ಯಲ್ಲಾಪುರದ ಮೇಲೆ ಅರಬೈಲು ಘಟ್ಟ ಇಳಿದು ಕಡಲಿಗೆ ಹೋಗುತ್ತಾರೆ. ಹಲಗೆಯ ಮೇಲೆ ನಿಂತು, ಉದ್ದನೆಯ ಹುಟ್ಟು ಹಾಕುತ್ತಾ ಅಲೆ ಏರುವವರನ್ನು ಅಲ್ಲಿ ನೋಡಿ, ಬಂದ ಮೇಲೆ ‘ಯಾವ ಬೋರ್ಡು ತಗೋಬೇಕು?’ ಎಂದು ಕೇಳುತ್ತಾರೆ. ಈ ಲೇಖನ ಅವರಿಗಾಗಿ. ಮೊಣಕಾಲಿನಿಂದ ಸೊಂಟದವರೆಗಿನ ಸಣ್ಣ ಅಲೆ, ಮೊದಲ ವರ್ಷದ ಕಲಿಕೆ, ಇಷ್ಟನ್ನೇ ಲೆಕ್ಕಕ್ಕೆ ಹಿಡಿದಿದ್ದೇನೆ.

ಮೊದಲು ಎಲ್ಲಿ, ಯಾವಾಗ

ಸಾಮಾನು ಕೊಳ್ಳುವ ಮೊದಲು ನೀರು ಆರಿಸಿಕೊಳ್ಳಬೇಕು. ನಮ್ಮ ರಾಜ್ಯದಲ್ಲಿ ಈ ಆಟದ ತವರು ಮುಲ್ಕಿ. ಅಮೆರಿಕದಿಂದ ಬಂದು ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಜ್ಯಾಕ್ ಹೆಬ್ನರ್ 2004ರಲ್ಲಿ ಅಲ್ಲಿ ಸರ್ಫಿಂಗ್ ಆಶ್ರಮ ಕಟ್ಟಿದರು. ಅಲ್ಲಿಯ ಮಂತ್ರ ಸರ್ಫ್ ಕ್ಲಬ್ ಈಗಲೂ ಕಲಿಸುತ್ತದೆ. ಪ್ಯಾಡಲ್ ಬೋರ್ಡಿನಲ್ಲಿ ದೇಶಕ್ಕೆ ಹೆಸರು ತಂದ ತನ್ವಿ ಜಗದೀಶ್ ಕಲಿತದ್ದೂ ಈ ನೀರಿನಲ್ಲೇ. ಉಡುಪಿ ಬಳಿಯ ಕೋಡಿ ಬೆಂಗ್ರೆಯಲ್ಲಿ ಇಶಿತಾ ಮಾಳವಿಯಾ ಮತ್ತು ತುಷಾರ್ ಪಥಿಯಾನ್ 2007ರಲ್ಲಿ ಶಾಕಾ ಸರ್ಫ್ ಕ್ಲಬ್ ಆರಂಭಿಸಿದರು.

ಎರಡೂ ಕಡೆ ಕಲಿಯುವವರಿಗೆ ದೊಡ್ಡ ಅನುಕೂಲವೆಂದರೆ ಕಡಲಿನ ಪಕ್ಕದಲ್ಲೇ ಹೊಳೆ ಇರುವುದು. ಮುಲ್ಕಿಯಲ್ಲಿ ಶಾಂಭವಿ, ಬೆಂಗ್ರೆಯಲ್ಲಿ ಸ್ವರ್ಣಾ. ಮೊದಲೆರಡು ದಿನ ಹೊಳೆಯ ನಿಂತ ನೀರಿನಲ್ಲಿ ನಿಲ್ಲುವುದನ್ನು, ತಿರುಗುವುದನ್ನು ಕಲಿತು, ಮೂರನೆಯ ದಿನ ಅಲೆಗೆ ಹೋಗಬಹುದು.

ಕಾಲ ನವೆಂಬರಿನಿಂದ ಮಾರ್ಚ್. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುವುದರಿಂದ ನೀರಿನ ಮೈ ನುಣುಪಾಗಿರುತ್ತದೆ. ಮಧ್ಯಾಹ್ನ ಗಾಳಿ ತಿರುಗಿದರೆ ಸಣ್ಣ ಅಲೆಯೂ ಒಡೆದು ಕಲಕಿಹೋಗುತ್ತದೆ. ಹೀಗಾಗಿ 6 ಗಂಟೆಗೆ ನೀರಿಗಿಳಿದು 9ಕ್ಕೆ ಮೇಲೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ಕಡಲಿಗಿಳಿಯುವಂತಿಲ್ಲ. ಮಳೆಗಾಲದ ಆ ಕಡಲು ಹೊಸಬರದ್ದಲ್ಲ. ಸಸಿಹಿತ್ಲುವಿನಲ್ಲಿ 2016ರಲ್ಲಿ ನಡೆದ ಇಂಡಿಯನ್ ಓಪನ್ ಆಫ್ ಸರ್ಫಿಂಗ್‌ನ ವಿಡಿಯೊ ನೋಡಿ ಅಲೆ ಅಳೆಯಬೇಡಿ. ಅದು ಮೇ ಕೊನೆಯ, ಮುಂಗಾರು ಹೊಸ್ತಿಲಿನ ಕಡಲು.

ಬೋರ್ಡು: ಬಣ್ಣ ಬಿಡಿ, ಲೀಟರ್ ಕೇಳಿ

ಬೋರ್ಡಿನ ಮೇಲೆ ಮೂರು ಅಳತೆ ಬರೆದಿರುತ್ತದೆ: ಉದ್ದ, ಅಗಲ, ದಪ್ಪ. ಅದರ ಪಕ್ಕದಲ್ಲಿ ಲೀಟರ್ ಎಂದು ನಾಲ್ಕನೆಯದೊಂದು ಇರುತ್ತದೆ. ಅದೇ ಗಾತ್ರ, ನಿಮ್ಮನ್ನು ಹೊರುವುದು ಅದೇ. ಲೆಕ್ಕ ಸರಳ. ಒಂದು ಲೀಟರ್ ಗಾತ್ರ ಸುಮಾರು ಒಂದು ಕೆ.ಜಿ. ಭಾರವನ್ನು ತೇಲಿಸುತ್ತದೆ. ನಿಮ್ಮ ತೂಕ 70 ಕೆ.ಜಿ., ಬೋರ್ಡಿನ ತೂಕ 9 ಅಥವಾ 10 ಕೆ.ಜಿ. ಎಂದಿಟ್ಟುಕೊಳ್ಳಿ. 80 ಲೀಟರಿನ ಬೋರ್ಡಾದರೆ ಪೂರ್ತಿ ಮುಳುಗಿ ನೀರಿನ ಮಟ್ಟಕ್ಕೇ ನಿಂತುಬಿಡುತ್ತದೆ. ಪಳಗಿದವರು ಅದರ ಮೇಲೂ ನಿಲ್ಲುತ್ತಾರೆ, ಕಲಿಯುವವರಿಗೆ ಆಗದು. ಹೊಸಬರು ತಮ್ಮ ತೂಕದ ಎರಡರಷ್ಟು ಲೀಟರ್ ಹಿಡಿಯಬೇಕು. 70 ಕೆ.ಜಿ.ಗೆ 140 ಲೀಟರ್, 55 ಕೆ.ಜಿ.ಗೆ 110. ಉಪ್ಪು ನೀರು ಹೊಳೆಯ ನೀರಿಗಿಂತ ತುಸು ಭಾರ, ಹೀಗಾಗಿ ಕಡಲು ನಿಮ್ಮನ್ನು ಮಲಪ್ರಭೆಗಿಂತ ಸ್ವಲ್ಪ ಹೆಚ್ಚೇ ಎತ್ತುತ್ತದೆ. ಆದರೆ ಆ ಲಾಭ ನೂರಕ್ಕೆ ಎರಡು ಮೂರು ಪಾಲು ಮಾತ್ರ. ಅದನ್ನು ನಂಬಿ ಚಿಕ್ಕ ಬೋರ್ಡು ಕೊಳ್ಳಬೇಡಿ.

ಗಾತ್ರದ ನಂತರ ಅಗಲ. ಸಾಧಾರಣ ಮೈಕಟ್ಟಿನವರಿಗೆ 31ರಿಂದ 33 ಇಂಚು. ಹಗುರ ಇದ್ದವರಿಗೆ 30 ಸಾಕು, 85 ಕೆ.ಜಿ. ದಾಟಿದವರಿಗೆ 33ಕ್ಕಿಂತ ಕಡಿಮೆ ಬೇಡ. ನನ್ನ 27 ಇಂಚಿನ ಬೋರ್ಡಿನಲ್ಲಿ ತಪ್ಪಿದ್ದು ಇದೇ. ಅಲೆ ಬರುವ ಮೊದಲೇ ಬೀಳುತ್ತಿದ್ದೆ. ಒಂದು ಬೆಳಗ್ಗೆ ಕಲಿಸುವ ಹುಡುಗನೊಬ್ಬ ನನ್ನ ಬೋರ್ಡು ದಡದಲ್ಲಿಟ್ಟು, ತನ್ನ 32 ಇಂಚಿನದನ್ನು ಕೊಟ್ಟ. ‘ಸರ್, ಇದರಲ್ಲಿ ಒಮ್ಮೆ ನಿಲ್ಲಿ, ಮತ್ತೆ ಮಾತಾಡುವ’ ಎಂದ. ಅಂದು ಮೊದಲ ಬಾರಿ ಪಾದದ ಕೆಳಗೆ ಅಲೆ ಜಾರಿ, ಬೋರ್ಡು ತಾನಾಗಿ ಓಡಿದ್ದು ಗೊತ್ತಾಯಿತು.

ಉದ್ದ ಒಂಬತ್ತೂವರೆಯಿಂದ ಹತ್ತೂವರೆ ಅಡಿ. ಇದಕ್ಕಿಂತ ಉದ್ದವಾದರೆ ನೇರ ಓಟಕ್ಕೆ ಚೆಂದ, ಅಲೆಯಲ್ಲಿ ತಿರುಗಲು ಕಷ್ಟ. ಮೂತಿ ಕೊಂಚ ಮೇಲಕ್ಕೆ ಬಾಗಿರಲಿ. ಇಲ್ಲದಿದ್ದರೆ ಅಲೆ ಇಳಿಯುವಾಗ ಮೂತಿ ನೀರಿಗೆ ಚುಚ್ಚಿಕೊಂಡು ನಿಮ್ಮನ್ನು ಮುಂದಕ್ಕೆ ಎಸೆಯುತ್ತದೆ. ಬಾಗು ಹೆಚ್ಚಾದರೆ ಸಣ್ಣ ಅಲೆಯಲ್ಲಿ ವೇಗ ಸತ್ತುಹೋಗುತ್ತದೆ. ಬಾಲ ಅಗಲವಾಗಿ, ಚೌಕಕ್ಕೆ ಹತ್ತಿರವಿರಲಿ. ಚೂಪು ಬಾಲ ದೊಡ್ಡ ಅಲೆಗೆ.

ಗಟ್ಟಿ ಬೋರ್ಡೋ, ಗಾಳಿ ಬೋರ್ಡೋ?

ಕರಾವಳಿಯವರಿಗೆ ಇದು ಪ್ರಶ್ನೆಯೇ ಅಲ್ಲ, ಅಲೆಗೆ ಗಟ್ಟಿ ಬೋರ್ಡೇ ಸರಿ. ಒಳಗೆ ಥರ್ಮಾಕೋಲ್ ಜಾತಿಯ ಫೋಮು, ಹೊರಗೆ ಫೈಬರ್‌ಗ್ಲಾಸ್ ಮತ್ತು ಎಪಾಕ್ಸಿ. ಅದರ ತೆಳು ಅಂಚು ಅಲೆಯ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಗಾಳಿ ತುಂಬುವ ಬೋರ್ಡು ಸಾಮಾನ್ಯವಾಗಿ 6 ಇಂಚು ದಪ್ಪ. ಅಂಚು ಗುಂಡಗಿರುವುದರಿಂದ ತಿರುವಿನಲ್ಲಿ ಜಾರುತ್ತದೆ.

ಆದರೆ ನಮ್ಮ ಕಷ್ಟ ಬೇರೆ. ಹತ್ತು ಅಡಿಯ ಗಟ್ಟಿ ಬೋರ್ಡನ್ನು ಅಮೀನಗಡದಿಂದ ಬಸ್ಸಿನಲ್ಲಿ ಒಯ್ಯುವುದು ಆಗದ ಮಾತು. ಗಾಳಿ ತೆಗೆದು ಸುತ್ತಿದ ಬೋರ್ಡು ಬೆನ್ನಿಗೆ ಹಾಕುವ ಚೀಲದಲ್ಲಿ ಕೂರುತ್ತದೆ. ಮೊಣಕಾಲೆತ್ತರದ ಅಲೆಗೆ ಅದು ಧಾರಾಳ ಸಾಕು, ಬಿದ್ದಾಗ ಪೆಟ್ಟೂ ಕಡಿಮೆ. ಕೊಂಡರೆ 15 ಪಿಎಸ್‌ಐವರೆಗೆ ಒತ್ತಡ ತಾಳುವಂಥದ್ದನ್ನೇ ಕೊಳ್ಳಿ. ಗಾಳಿ ಕಡಿಮೆಯಾದರೆ ನಡು ಬಾಗಿ, ಹಲಗೆ ಬಾಳೆಹಣ್ಣಿನಂತಾಗುತ್ತದೆ. ಕೈಪಂಪಿನಲ್ಲಿ ಹತ್ತು ನಿಮಿಷ ಬೆವರಿಳಿಯುತ್ತದೆ, ಇಳಿಯಲಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ. ಲಾರಿ ಟೈರಿಗೆ ಹಿಡಿಯುವ ಆ ಒತ್ತಡ ಒಂದೇ ಗಳಿಗೆ ಮಿತಿ ಮೀರಿದರೂ ಹೊಲಿಗೆ ಹರಿಯುತ್ತದೆ. ಗಾಳಿ ತುಂಬಿದ ಬೋರ್ಡನ್ನು ನಮ್ಮ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಬಿಡುವುದೂ ಅಷ್ಟೇ ಅಪಾಯ.

ನನ್ನ ಸಲಹೆ ಕೇಳಿದರೆ, ಮೊದಲ ವರ್ಷ ಬೋರ್ಡು ಕೊಳ್ಳಲೇಬೇಡಿ. ಕ್ಲಬ್ಬಿನಲ್ಲಿ ಬಾಡಿಗೆಗೆ ಪಡೆಯಿರಿ, ನಾಲ್ಕಾರು ಬಗೆ ಹತ್ತಿ ನೋಡಿ. ವರ್ಷಕ್ಕೆ ಎರಡು ಮೂರು ಸಲ ಕಡಲು ಕಾಣುವ ನಮಗೆ ಹತ್ತಾರು ಸಾವಿರ ರೂಪಾಯಿಯನ್ನು ಮೂಲೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಸ್ವಂತಕ್ಕೆ ಎರಡು ವಸ್ತು ಇರಲಿ: ಹುಟ್ಟು ಮತ್ತು ಕಾಲುಬಳ್ಳಿ. ಒಂದು ನಿಮ್ಮ ಎತ್ತರಕ್ಕೆ ಹೊಂದಬೇಕು, ಇನ್ನೊಂದು ನಿಮ್ಮ ಜೀವ ಕಾಯಬೇಕು.

ಹುಟ್ಟು: ಕಡಲಿಗೆ ಮುಷ್ಟಿ, ಹೊಳೆಗೆ ಗೇಣು

ನೆಟ್ಟಗೆ ನಿಂತು ಹುಟ್ಟನ್ನು ಎದುರಿಗೆ ನಿಲ್ಲಿಸಿ. ನೆತ್ತಿಯ ಮೇಲೆ, ಹೆಬ್ಬೆರಳು ಎತ್ತಿದ ಒಂದು ಮುಷ್ಟಿ ಇಡುವಷ್ಟು, ಅಂದರೆ 4ರಿಂದ 6 ಇಂಚು, ಹುಟ್ಟು ಹೆಚ್ಚಿಗೆ ಇದ್ದರೆ ಅಲೆಗೆ ಸರಿ. ನಿಂತ ನೀರಿನಲ್ಲಿ ದೂರ ಹೋಗಲು ಒಂದು ಗೇಣು ಬೇಕು. ಅಲೆಯಲ್ಲಿ ಮೊಣಕಾಲು ಬಗ್ಗಿಸಿ ತಗ್ಗಿ ನಿಲ್ಲುವುದರಿಂದ ಗಿಡ್ಡ ಹುಟ್ಟೇ ಕೈಗೆ ಬರುತ್ತದೆ. ಐದೂವರೆ ಅಡಿ ಎತ್ತರದವರಿಗೆ 70ರಿಂದ 72 ಇಂಚು. ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಹುಟ್ಟು ಕೊಂಡರೆ ಹೊಳೆಗೂ ಕಡಲಿಗೂ ಒಂದೇ ಸಾಕು. ಮೂರು ತುಂಡಾಗುವಂಥದ್ದು ಬಸ್ಸಿಗೆ ಅನುಕೂಲ.

ಅಲ್ಯೂಮಿನಿಯಂ ಅಗ್ಗ, ಆದರೆ ಭಾರ. ಉಪ್ಪಿಗೆ ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡು ಬಿಚ್ಚಲು ಬಾರದಂತೆ ಆಗುತ್ತವೆ. ಸಾವಿರಾರು ಸಲ ಎತ್ತಿ ಇಡುವ ವಸ್ತು ಇದು, ಫೈಬರ್‌ಗ್ಲಾಸಿಗೆ ಸ್ವಲ್ಪ ಹೆಚ್ಚು ಕೊಡಿ, ಭುಜ ಉಳಿಯುತ್ತದೆ. ಎಲೆಯಂತಿರುವ ತುದಿ 80ರಿಂದ 90 ಚದರ ಇಂಚು ಇರಲಿ.

ಇನ್ನೊಂದು ಮಾತು, ಬಹಳ ಜನ ತಪ್ಪುವ ಜಾಗ. ಹುಟ್ಟಿನ ಎಲೆ ಕೋಲಿನೊಂದಿಗೆ ನೇರ ಇರುವುದಿಲ್ಲ, ಸುಮಾರು 10 ಡಿಗ್ರಿ ಬಾಗಿರುತ್ತದೆ. ನೋಡಿದರೆ ಚಮಚದಂತೆ ನಮ್ಮ ಕಡೆ ತಿರುಗಿರಬೇಕು ಎನ್ನಿಸುತ್ತದೆ. ಹಾಗಲ್ಲ, ಬಾಗು ಮುಂದಕ್ಕೆ, ಬೋರ್ಡಿನ ಮೂತಿಯ ಕಡೆ ಹೋಗಬೇಕು. ಆಗಲೇ ಎಲೆ ನೀರನ್ನು ಹಿಂದಕ್ಕೆ ತಳ್ಳುತ್ತದೆ. ತಿರುಗಿಸಿ ಹಿಡಿದರೆ ನೀರನ್ನು ಮೇಲಕ್ಕೆತ್ತುತ್ತಾ ದಣಿಯುತ್ತೀರಿ.

ಕಾಲುಬಳ್ಳಿ

ಬೋರ್ಡನ್ನು ಕಾಲಿಗೆ ಕಟ್ಟುವ ಲೀಶ್ ಅಲೆಗೆ ನೇರವಾದದ್ದೇ ಬೇಕು. ಟೆಲಿಫೋನ್ ವೈರಿನಂತೆ ಸುರುಳಿಯಾದದ್ದು ನಿಂತ ನೀರಿಗೆ. ಅಲೆಯಲ್ಲಿ ಅದು ಎಳೆದು ಬಿಟ್ಟ ರಬ್ಬರಿನಂತೆ ಬೋರ್ಡನ್ನು ನಿಮ್ಮ ಮುಖಕ್ಕೇ ತರುತ್ತದೆ. ಉದ್ದ ಬೋರ್ಡಿನಷ್ಟೇ ಅಥವಾ ಒಂದಡಿ ಹೆಚ್ಚು. ಕಟ್ಟುವುದು ಹಿಂದಿನ ಕಾಲಿನ ಹರಡಿಗೆ. ಬಳ್ಳಿ ಹರಿದು ಕೈಬಿಟ್ಟ 10 ಕೆ.ಜಿ. ಬೋರ್ಡು ದಡದಲ್ಲಿ ಆಡುವ ಮಗುವಿನ ಕಡೆ ಓಡುತ್ತದೆ ಎಂಬುದು ನೆನಪಿರಲಿ.

ಹೊಳೆಗೆ ಇಳಿಯುವವರಿಗೆ ಎಚ್ಚರಿಕೆ: ಹರಿಯುವ ನೀರಿನಲ್ಲಿ ಕಾಲಿಗೆ ಬಳ್ಳಿ ಕಟ್ಟಲೇಬಾರದು. ಬಳ್ಳಿ ಮುಳ್ಳಿಗೋ ಕಲ್ಲಿಗೋ ಸಿಕ್ಕರೆ ಸೆಳವು ನಿಮ್ಮನ್ನು ಒಳಗೇ ಒತ್ತಿ ಹಿಡಿಯುತ್ತದೆ, ಕಾಲಿನವರೆಗೆ ಕೈ ಹೋಗುವುದಿಲ್ಲ. ಅಲ್ಲಿ ಸೊಂಟಕ್ಕೆ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚುವ ಪಟ್ಟಿ ಬೇಕು. ಅದರಲ್ಲೂ ಕೃಷ್ಣೆಯಲ್ಲಿ ಮೊಸಳೆಗಳಿವೆ, ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಗೋಡೆ, ಮರಗಳಿವೆ. ಮನೆ ಹತ್ತಿರದ ನೀರು ಎಂದು ಅಲ್ಲಿ ಒಬ್ಬರೇ ಅಭ್ಯಾಸಕ್ಕೆ ಇಳಿಯಬೇಡಿ.

ನಿಲ್ಲುವ ಅಭ್ಯಾಸಕ್ಕಾದರೆ ಮನೆಯೇ ಸಾಕು. ಕೂಡಲಸಂಗಮದ ದಡದಲ್ಲಿ ಹರಿಗೋಲು ಹಾಕುತ್ತಿದ್ದ ಅಜ್ಜನೊಬ್ಬ ಚಿಕ್ಕಂದಿನಲ್ಲಿ ನನಗೆ ಹೇಳಿದ್ದ, ‘ಮೊಣಕಾಲ ಸಡ್ಲ ಬಿಡೋ ತಮ್ಮಾ, ಹರಗೋಲ ತಾನ ನಿಂದರತೈತಿ.’ ಮುಲ್ಕಿಯಲ್ಲಿ ಹಣ ಕೊಟ್ಟು ಕಲಿತ ಮೊದಲ ಪಾಠವೂ ಅದೇ.

ಉಳಿದವು

ಫಿನ್ನು, ಅಂದರೆ ತಳದ ರೆಕ್ಕೆ, ನಡುವೆ ಒಂದು ದೊಡ್ಡದು, ಪಕ್ಕಕ್ಕೆ ಎರಡು ಸಣ್ಣವು ಇದ್ದರೆ ಕಲಿಯಲು ಹಿತ. ನಡುವಿನದು 8 ಇಂಚಿನ ಆಸುಪಾಸು. ಅದರ ತಿರುಪು ಮರಳಿನಲ್ಲಿ ಬಿದ್ದರೆ ಸಿಗದು, ಒಂದು ಹೆಚ್ಚಿಗೆ ಜೇಬಿನಲ್ಲಿರಲಿ. ಈಜು ಬಂದರೂ ಲೈಫ್ ಜಾಕೆಟ್ ಹಾಕಿ. ಹೊಟ್ಟೆ, ತೊಡೆ ಉಜ್ಜಿ ಕೆಂಪಾಗದಂತೆ ತೋಳುದ್ದದ ಈಜಂಗಿ, ತಲೆಗೆ ಹೆಲ್ಮೆಟ್. ಚೀಲದಲ್ಲಿ ಎರಡು ತುಂಡು ಅಮೀನಗಡದ ಕರದಂಟು. ಎರಡು ತಾಸು ನೀರಿನಲ್ಲಿದ್ದು ಬಂದವರಿಗೆ ಬೆಲ್ಲ, ಅಂಟು, ಒಣಹಣ್ಣಿಗಿಂತ ಒಳ್ಳೆಯದು ಬೇರೆ ಏನಿದೆ? ದಡದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದರೆ ದೂರ ಇರಿ. ಕಡಲು ಮೊದಲು ಅವರ ಅನ್ನದ ಹೊಲ.

ಹಳೆಯ ಬೋರ್ಡು ಕೊಳ್ಳುವಾಗ

ಇಲ್ಲಿ ಕುರಿ ಸಂತೆಯ ಕೈ ಬೇಕು. ನಿಲ್ಲುವ ಜಾಗವನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಎಲ್ಲಾದರೂ ಮೆತ್ತಗೆ ಒಳಗೆ ಹೋದರೆ ಪದರ ಬಿಟ್ಟಿದೆ. ಬೆರಳ ಗೆಣ್ಣಿನಿಂದ ತಟ್ಟಿ, ಗಟ್ಟಿ ಸದ್ದು ಒಂದು ಕಡೆ ಪೊಳ್ಳಾದರೆ ಅಲ್ಲೂ ಅದೇ ರೋಗ. ಫಿನ್ನಿನ ಸುತ್ತ ಮತ್ತು ಬಳ್ಳಿ ಕಟ್ಟುವ ಕುಳಿಯ ಸುತ್ತ ಕೂದಲೆಳೆಯ ಬಿರುಕು ಹುಡುಕಿ. ಒಳಗೆ ನೀರು ಹೋಗುವುದು ಅಲ್ಲಿಂದಲೇ. ಸಾಧ್ಯವಾದರೆ ತೂಕಕ್ಕೆ ಹಾಕಿ. ಕಂಪನಿ ಬರೆದದ್ದಕ್ಕಿಂತ ಒಂದೆರಡು ಕೆ.ಜಿ. ಹೆಚ್ಚು ತೂಗಿದರೆ ಅದು ಕುಡಿದ ನೀರು. ಬೇಡ ಎಂದು ಬಿಟ್ಟು ಬನ್ನಿ. ಗಟ್ಟಿ ಬೋರ್ಡಿನಲ್ಲಿ ಗಾಳಿಯಾಡುವ ಸಣ್ಣ ತಿರುಪು ಇದ್ದರೆ, ನೀರಿಗಿಳಿಯುವ ಮೊದಲು ಬಿಗಿಯಾಗಿದೆಯೇ ನೋಡಿ. ಬಿಸಿಲಿನಲ್ಲಿ ಘಟ್ಟ ಹತ್ತುವಾಗ ಅದನ್ನು ಸಡಿಲಿಸಬೇಕು, ಇಲ್ಲದಿದ್ದರೆ ಒಳಗಿನ ಗಾಳಿ ಹಿಗ್ಗಿ ಮೈ ಉಬ್ಬುತ್ತದೆ.

2025ರಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಕೋವಳಂನ ರಮೇಶ ಬೂದಿಹಾಳ ಕಂಚು ಗೆದ್ದಾಗ ನಮ್ಮ ಕಡೆಯ ಹುಡುಗರು ಆ ಅಡ್ಡಹೆಸರು ನೋಡಿ ಹಿಗ್ಗಿದರು. ಬೂದಿಹಾಳ ಎಂಬ ಊರುಗಳು ಈ ಸೀಮೆಯಲ್ಲಿ ಒಂದೆರಡಲ್ಲ. ಅಂದಿನಿಂದ ಬೋರ್ಡಿನ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ. ಅವರಿಗೆ ಕೊನೆಯಲ್ಲಿ ಹೇಳುವುದು ಊರಿಗೆ ಮರಳಿದ ದಿನದ ಕೆಲಸ. ಹುಟ್ಟಿನ ತುಂಡು ಬಿಚ್ಚಿ, ಬಿಗಿಯುವ ಕೊಂಡಿಯ ಮರಳು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬಳ್ಳಿಯನ್ನು ಮಡಚದೆ ನೇರ ತೂಗುಹಾಕಿ. ಒಣಗಿದ ಮೇಲೆ ಅದನ್ನು ಎರಡು ಬೆರಳ ನಡುವೆ ಹಿಡಿದು ಈ ತುದಿಯಿಂದ ಆ ತುದಿಗೆ ಎಳೆಯುತ್ತಾ ಹೋಗಿ. ಉಗುರಿಗೆ ಸಿಗುವಷ್ಟು ಸೀಳು ಇದ್ದರೂ ಮುಂದಿನ ಸಲಕ್ಕೆ ಹೊಸದು ತನ್ನಿ.