ಮಗುವಿನ ಸ್ವೆಟರ್: ಮೊದಲು ಮಾದರಿ ತುಂಡು ಹೆಣೆಯಿರಿ

ಚಳಿಗಾಲ ಕಾಲಿಡುವ ಮುನ್ನವೇ ಅನೇಕ ಮನೆಗಳಲ್ಲಿ ಹೆಣಿಗೆಯ ಕಡ್ಡಿಗಳು ಹೊರಬರುತ್ತವೆ. ಮೊಮ್ಮಗುವಿಗೆಂದು ಅಜ್ಜಿ, ಅಕ್ಕನ ಮಗುವಿಗೆಂದು ಚಿಕ್ಕಮ್ಮ ಸ್ವೆಟರ್ ಹೆಣೆಯಲು ಕೂರುತ್ತಾರೆ. ಹದಿನೈದು ದಿನ ಶ್ರಮಪಟ್ಟು ಹೆಣೆದ ಮೇಲೆ ಅದು ಮಗುವಿನ ತಲೆಯ ಮೇಲಿಂದ ಇಳಿಯುವುದೇ ಇಲ್ಲ. ಇಳಿದರೂ ಮಗು ಕತ್ತು ಕೆರೆದುಕೊಂಡು ಅಳುತ್ತದೆ. ‘ಮಗುವಿಗೆ ಉಲ್ಲನ್ ಅಲರ್ಜಿ ಡಾಕ್ಟರೇ’ ಎಂದು ತಾಯಂದಿರು ನಮ್ಮ ಬಳಿಗೆ ಬರುತ್ತಾರೆ.

ಇಂತಹ ಹೆಚ್ಚಿನ ತೊಂದರೆಗಳನ್ನು ಮೊದಲೇ ತಿಳಿದುಕೊಳ್ಳಬಹುದು. ಅದೇ ನೂಲು, ಅದೇ ಕಡ್ಡಿ, ಅದೇ ವಿನ್ಯಾಸದಲ್ಲಿ ಸುಮಾರು 15 ಸೆಂ.ಮೀ. ಉದ್ದಗಲದ ಚೌಕವೊಂದನ್ನು ಹೆಣೆದು ಪರೀಕ್ಷಿಸಿ. ಇದೇ ಮಾದರಿ ತುಂಡು. ಅರ್ಧ ದಿನದ ಈ ಕೆಲಸ ಮಗುವಿನ ಆರೋಗ್ಯದ ದೃಷ್ಟಿಯಿಂದಲೂ ಉಪಯುಕ್ತ.

ಅಳತೆ ಏನು ಹೇಳುತ್ತದೆ?

ತುಂಡಿನ ಅಂಚು ಸುರುಳಿಕೊಳ್ಳುವುದರಿಂದ ನಡುವಿನ 10 ಸೆಂ.ಮೀ. ಜಾಗದಲ್ಲಿ ಮಾತ್ರ ಕುಣಿಕೆಗಳನ್ನು ಎಣಿಸಿ. 22 ಕುಣಿಕೆಗಳಿದ್ದರೆ 50 ಸೆಂ.ಮೀ. ಸುತ್ತಳತೆಗೆ 110 ಕುಣಿಕೆ ಬೇಕು. ನಿಮ್ಮ ಕೈ ಬಿಗಿಯಾಗಿದ್ದು 24 ಕುಣಿಕೆ ಬಂದರೆ ಅದೇ 110 ಕುಣಿಕೆಯ ಸ್ವೆಟರ್ 46 ಸೆಂ.ಮೀ.ಗೆ ಇಳಿಯುತ್ತದೆ. ಕೈ ಸಡಿಲವಾಗಿ 20 ಬಂದರೆ 55 ಸೆಂ.ಮೀ.ಗೆ ಏರುತ್ತದೆ. ಹತ್ತು ಸೆಂಟಿಮೀಟರಿನಲ್ಲಿ ಎರಡೇ ಕುಣಿಕೆಯ ವ್ಯತ್ಯಾಸ ಇಷ್ಟು ಮಾಡುತ್ತದೆ!

ಕತ್ತಿನ ಪಟ್ಟಿಗೆ ಬೇರೆಯೇ ತುಂಡು ಹೆಣೆದು ಎಳೆದು ನೋಡಿ. ನವಜಾತ ಶಿಶುವಿನ ತಲೆಯ ಸುತ್ತಳತೆ ಸುಮಾರು 34 ಸೆಂ.ಮೀ. ಇರುತ್ತದೆ, ಎದೆ ಅದಕ್ಕಿಂತ ತುಸು ಕಡಿಮೆ. ಒಂದು ವರ್ಷದ ಹೊತ್ತಿಗೆ ತಲೆ ಸುಮಾರು 46 ಸೆಂ.ಮೀ. ಆಗುತ್ತದೆ. ಪಟ್ಟಿ ಅಷ್ಟು ಹಿಗ್ಗದಿದ್ದರೆ ಮುಂಭಾಗ ತೆರೆಯುವ ಸ್ವೆಟರನ್ನೇ ಹೆಣೆಯುವುದು ಒಳ್ಳೆಯದು. ಗುಂಡಿಗಳನ್ನು ಮಾತ್ರ ಭದ್ರವಾಗಿ ಹೊಲಿಯಿರಿ.

ಒಗೆದ ಮೇಲೆ ಮತ್ತೆ ಅಳೆಯಿರಿ

ಮುಂದೆ ಸ್ವೆಟರನ್ನು ಹೇಗೆ ಒಗೆಯುವಿರೋ ಹಾಗೆಯೇ ತುಂಡನ್ನೂ ಒಗೆದು, ಹರಡಿ ಒಣಗಿಸಿ. ಉಣ್ಣೆಯ ಎಳೆಯ ಮೇಲೆ ಬರಿಗಣ್ಣಿಗೆ ಕಾಣದ ಪೊರೆಗಳಿವೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಹೀಗೆ ಕುಗ್ಗಿದ್ದು ಮತ್ತೆ ಹಿಗ್ಗದು. ತುಂಡು ಬಣ್ಣ ಬಿಡುತ್ತದೆಯೇ ಎಂಬುದನ್ನೂ ಗಮನಿಸಿ. ಮಕ್ಕಳು ಸ್ವೆಟರಿನ ತೋಳನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಬಣ್ಣ ಬಿಡುವ ನೂಲು ಬೇಡ.

ಚುಚ್ಚುವುದೆಲ್ಲ ಅಲರ್ಜಿಯಲ್ಲ

ಒಗೆದ ತುಂಡನ್ನು ಮೊದಲು ನಿಮ್ಮ ಕತ್ತಿನ ಪಕ್ಕದಲ್ಲಿ ಕಾಲು ಗಂಟೆ ಇಟ್ಟುಕೊಳ್ಳಿ. ಕೂಡಲೇ ಚುಚ್ಚಿದಂತಾದರೆ ಎಳೆ ದಪ್ಪವಾಗಿದೆ ಎಂದರ್ಥ. ಸುಮಾರು 30 ಮೈಕ್ರಾನಿಗಿಂತ ದಪ್ಪನೆಯ ಎಳೆಗಳ ತುದಿ ಚರ್ಮವನ್ನು ಒತ್ತಿ ನರತುದಿಗಳನ್ನು ಕೆರಳಿಸುತ್ತದೆ. (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್.) ಇದು ಅಲರ್ಜಿಯಲ್ಲ, ಬರಿಯ ತಿವಿತ. ಅಲರ್ಜಿಯಾದರೆ ಸಾಮಾನ್ಯವಾಗಿ ಒಂದೆರಡು ದಿನ ಕಳೆದು ಕೆಂಪು ದದ್ದು, ನೀರುಗುಳ್ಳೆ ಕಾಣಿಸುತ್ತವೆ. ಅದಕ್ಕೆ ಬಣ್ಣವೋ, ಉಣ್ಣೆಯ ಜಿಡ್ಡಿನ ಅಂಶವೋ ಕಾರಣವಿರಬಹುದು.

ಆಮೇಲೆ ಮಗುವಿನ ಕೈಯ ಒಳಭಾಗದ ಆರೋಗ್ಯವಂತ ಚರ್ಮಕ್ಕೆ ಕೆಲವು ನಿಮಿಷ ತುಂಡನ್ನು ಹಿಡಿದು ನೋಡಿ. ಕಟ್ಟಿ ಬಿಡಬೇಡಿ, ಇಸುಬು ಇರುವ ಜಾಗದಲ್ಲಂತೂ ಇಡಲೇಬೇಡಿ. ಇಸುಬು ಇರುವ ಮಕ್ಕಳಿಗೆ ಉಣ್ಣೆಯೇ ಕೂಡದು ಎಂದು ಹಿಂದೆ ಹೇಳುತ್ತಿದ್ದರು. ಮೆಲ್ಬರ್ನ್‌ನಲ್ಲಿ 39 ಮಕ್ಕಳ ಮೇಲೆ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಹಳ ನಯವಾದ ಮೆರಿನೊ ಉಣ್ಣೆಯಿಂದ ಇಸುಬು ಹೆಚ್ಚಲಿಲ್ಲ, ಕಡಿಮೆಯಾಯಿತು. ಆದರೆ ಎಲ್ಲ ಉಣ್ಣೆಗೂ ಈ ಮಾತು ಅನ್ವಯಿಸದು. ಯಾವ ನೂಲಾದರೂ ಸರಿ, ಒಳಗೆ ಹತ್ತಿಯ ಅಂಗಿ ಇರಲಿ.

ತುಂಡನ್ನು ತಿರುಗಿಸಿ ನೋಡಿ

ಎರಡು ಮೂರು ಬಣ್ಣಗಳಲ್ಲಿ ಹೆಣೆದರೆ ಹಿಂಬದಿಯಲ್ಲಿ ನೂಲಿನ ಉದ್ದನೆಯ ಎಳೆಗಳು ಸಡಿಲವಾಗಿ ಉಳಿಯುತ್ತವೆ. ತೋಳು, ಕೈಚೀಲ, ಕಾಲುಚೀಲಗಳಲ್ಲಿ ಇಂತಹ ಎಳೆ ಮಗುವಿನ ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಲ್ಲಬಹುದು. ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ. ಎಳೆಯಡಿ ನಿಮ್ಮ ಕಿರುಬೆರಳ ತುದಿ ತೂರುವಂತಿದ್ದರೆ ಆ ವಿನ್ಯಾಸ ಶಿಶುವಿಗೆ ಬೇಡ. ಮಗು ಕಾರಣವಿಲ್ಲದೆ ಒಂದೇ ಸಮನೆ ಅಳುತ್ತಿದ್ದರೆ ಬಟ್ಟೆ ಬಿಚ್ಚಿ ಕೈಕಾಲಿನ ಬೆರಳುಗಳನ್ನು ಒಂದೊಂದಾಗಿ ನೋಡಿ. ಬೆರಳು ಊದಿ ಕೆಂಪಗೋ ನೀಲಿಯಾಗಿಯೋ ಇದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಕೆಂಡದ ಬಳಿ ಎಚ್ಚರ

ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೇಳಿದಾಗ ಸಿಗುವುದೆಲ್ಲ ಕುರಿಯ ಉಣ್ಣೆಯಲ್ಲ. ಬಹಳಷ್ಟು ಅಕ್ರಿಲಿಕ್ ನೂಲು. ಚೀಟಿ ಓದಿ ಕೊಳ್ಳಿ. ಅಕ್ರಿಲಿಕ್ ಮೆತ್ತಗಿರುತ್ತದೆ, ಒಗೆಯಲೂ ಸುಲಭ. ಆದರೆ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಂಡು ಆಳವಾದ ಸುಟ್ಟಗಾಯ ಮಾಡುತ್ತದೆ. ಬಾಣಂತಿಯ ಕೋಣೆಯಲ್ಲಿ ಕೆಂಡವಿಟ್ಟು ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವ ರೂಢಿ ನಮ್ಮಲ್ಲಿದೆ. ಆ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಕ್ರಿಲಿಕ್ ಸ್ವೆಟರ್ ತೊಡಿಸಿ ಕೆಂಡದ ಬಳಿ ಕೂರುವುದಂತೂ ಇನ್ನೂ ಅಪಾಯ.

ಹೆಣೆಯುವವರ ಕೈಗೂ ಪರೀಕ್ಷೆ

ತುಂಡು ಹೆಣೆಯುವಾಗಲೇ ಹೆಬ್ಬೆರಳ ಬುಡ ನೋಯುತ್ತಿದೆಯೇ? ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯುತ್ತವೆಯೇ? ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಾಗ ಹೀಗಾಗುತ್ತದೆ. ಬೇರೆ ಕಡ್ಡಿ ಹಿಡಿದು ನೋಡಿ, ಅರ್ಧ ಗಂಟೆಗೊಮ್ಮೆ ಕೈಗೆ ವಿಶ್ರಾಂತಿ ಕೊಡಿ. ಜೋಮು ಮುಂದುವರಿದರೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಲ್ಲಿ ಇದು ಹೆಚ್ಚು.

ಕೊನೆಯದಾಗಿ, ಸ್ವೆಟರ್ ಮುಗಿದ ಮೇಲೆ ಮಾದರಿ ತುಂಡನ್ನು ಎಸೆಯಬೇಡಿ. ನೂಲಿನ ಚೀಟಿಯೊಡನೆ ತೆಗೆದಿಡಿ. ಮುಂದೆ ಮಗುವಿನ ಮೈಮೇಲೆ ದದ್ದು ಎದ್ದರೆ ಎರಡನ್ನೂ ವೈದ್ಯರ ಬಳಿಗೆ ತನ್ನಿ. ಅಗತ್ಯವಿದ್ದರೆ ಚರ್ಮರೋಗ ತಜ್ಞರು ಆ ತುಂಡನ್ನೇ ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ಪರೀಕ್ಷಿಸಿ, ಅಲರ್ಜಿ ಹೌದೋ ಅಲ್ಲವೋ ಹೇಳಬಲ್ಲರು.